ಬೆರಳುದ್ದದ ಪಿಸ್ಟನ್ನಿನ ಪ್ರಕರಣ

ಸೋಮವಾರ ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಗೆ ಬಂದ ದೂರು ಮೂರು ಪುಟವಿತ್ತು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದ. ಎರಡನೆಯ ಸಲ ಓದಿದ ಮೇಲೆ, ಮೊದಲ ಸಲ ಅಷ್ಟಿಷ್ಟು ಅರ್ಥವಾಗಿದ್ದದ್ದೂ ತಲೆಯಿಂದ ಹಾರಿಹೋಯಿತು.

"ಏನು ಕಳುವಾಗಿದೆ ಅಂತ ಒಂದೇ ಮಾತಲ್ಲಿ ಹೇಳಿಬಿಡಿ ಸರ್," ಎಂದ.

ಎದುರಿಗೆ ಕುಳಿತಿದ್ದ ಪ್ರೊಫೆಸರ್‌ಗೆ ಒಂದೇ ಮಾತಿನಲ್ಲಿ ಹೇಳಿ ಅಭ್ಯಾಸವಿರಲಿಲ್ಲ. ಅವರು ಒತ್ತಡ ಸಂಶೋಧನಾಲಯದ ಮುಖ್ಯಸ್ಥರು. ಎಣ್ಣೆ, ನೀರು, ಲೋಹ ಇವುಗಳನ್ನೆಲ್ಲ ಭಯಂಕರವಾಗಿ ಅದುಮಿದರೆ ಎಷ್ಟು ಕುಗ್ಗುತ್ತವೆ, ಯಾವ ಹಂತದಲ್ಲಿ ಹೆಪ್ಪುಗಟ್ಟುತ್ತವೆ ಎಂದು ಮೂವತ್ತು ವರ್ಷಗಳಿಂದ ಅಳೆಯುತ್ತ ಬಂದವರು. ಅವರ ಕೋಷ್ಟಕಗಳನ್ನು ನೋಡಿಕೊಂಡೇ ಎಲ್ಲೆಲ್ಲಿಯವರೋ ಯಂತ್ರ ಕಟ್ಟುತ್ತಾರೆ ಎಂದು ದೂರಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದರು.

"ಒಂದು ಪಿಸ್ಟನ್," ಎಂದರು. "ಉಕ್ಕಿಂದು. ಬೆರಳುದ್ದ ಇದೆ. ದಬ್ಬಳದಷ್ಟು ದಪ್ಪ."

ಬರೆದುಕೊಳ್ಳುತ್ತಿದ್ದ ಠಾಣೆಯ ರೈಟರ್ ಲೇಖನಿ ಎತ್ತಿ ಹಿಡಿದ. "ಗೋಣಿಚೀಲ ಹೊಲಿಯೋ ದಬ್ಬಳವಾ ಸರ್?"

"ಅಷ್ಟು ದಪ್ಪ ಅಂದೆ. ದಬ್ಬಳ ಅನ್ನಲಿಲ್ಲ."

"ಗುರುತಿನ ಚಿಹ್ನೆ ಏನಾದರೂ?"

"ಒಂದು ಚಿಹ್ನೆಯೂ ಇಲ್ಲ. ಒಂದು ಸಣ್ಣ ಗೀರು ಕಂಡರೂ ಅದು ನಮ್ಮ ಪಿಸ್ಟನ್ ಅಲ್ಲ."

ರೈಟರ್ ಇನ್‌ಸ್ಪೆಕ್ಟರನ ಮುಖ ನೋಡಿದ. ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡಿದ. ಠಾಣೆಯಲ್ಲಿ ಬಾಕಿಯಿದ್ದ ಪ್ರಕರಣಗಳು ನಲವತ್ತಮೂರು. ಒಂದು ಸರಗಳ್ಳತನ, ಎರಡು ಮನೆಗಳವು, ಪಕ್ಕದ ಕೇರಿಯಲ್ಲಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರು. ಅವೆಲ್ಲವನ್ನೂ ಬಿಟ್ಟು ಈಗ ದಬ್ಬಳ ಹುಡುಕಬೇಕು. ಅವನಿಗೆ ಆ ಕ್ಷಣಕ್ಕೇ ರೋಸಿಹೋಯಿತು.

ಪ್ರೊಫೆಸರ್ ವಿವರಿಸಿದರು. ಗಟ್ಟಿ ಉಕ್ಕಿನ ಸಿಲಿಂಡರ್. ಅದರೊಳಗೆ ಎಣ್ಣೆ. ಎಣ್ಣೆಯ ಮೇಲೆ ಈ ಪಿಸ್ಟನ್, ಪಿಸ್ಟನ್ನಿನ ಮೇಲೆ ತೂಕದ ಬಿಲ್ಲೆಗಳು. ಎಣ್ಣೆ ಮೇಲಕ್ಕೆ ಒತ್ತುತ್ತದೆ, ತೂಕ ಕೆಳಕ್ಕೆ ಒತ್ತುತ್ತದೆ. ಎರಡೂ ಸರಿಸಮವಾಗಿ ಪಿಸ್ಟನ್ ತೇಲಿ ನಿಂತಾಗ, ತೂಕವನ್ನು ಪಿಸ್ಟನ್ನಿನ ತುದಿಯ ವಿಸ್ತಾರದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. ಪ್ರಯೋಗಾಲಯದ ಉಳಿದೆಲ್ಲ ಮಾಪಕಗಳೂ ಇದನ್ನು ನೋಡಿಯೇ ಸರಿಪಡಿಸಿಕೊಂಡವು.

"ನಿಮ್ಮನೆ ಕುಕ್ಕರಿನ ನಾಲ್ಕು ಸಾವಿರ ಪಟ್ಟು ಒತ್ತಡ ಇನ್‌ಸ್ಪೆಕ್ಟರ್," ಎಂದರು ಪ್ರೊಫೆಸರ್.

ಕುಕ್ಕರಿನ ರಬ್ಬರ್ ತರಲು ಹೆಂಡತಿ ಹೇಳಿ ಎಂಟು ದಿನವಾಯಿತೆಂದು ಇನ್‌ಸ್ಪೆಕ್ಟರನಿಗೆ ನೆನಪಾಯಿತು. ಅವನ ಮುಖ ಇನ್ನಷ್ಟು ಗಂಟಾಯಿತು.

"ಯಾರ ಮೇಲಾದರೂ ಅನುಮಾನ?"

ಪ್ರೊಫೆಸರ್ ಕಾಯುತ್ತಿದ್ದದ್ದು ಈ ಪ್ರಶ್ನೆಗೇ. ದೂರಿನ ಎರಡನೆಯ, ಮೂರನೆಯ ಪುಟಗಳು ಪೂರ್ತಿ ಅದರ ಮೇಲೇ ಇದ್ದವು. ಅವರ ಸಂಶೋಧನಾ ವಿದ್ಯಾರ್ಥಿನಿ, ಇಪ್ಪತ್ತೊಂಬತ್ತು ವರ್ಷ, ಆರು ವರ್ಷದಿಂದ ಅವರ ಕೈಕೆಳಗೇ ಕೆಲಸ. ಅವಳ ಅಂಕಿಗಳು ಅವರ ಅಂಕಿಗಳಿಗೆ ತಾಳೆಯಾಗುತ್ತಿರಲಿಲ್ಲ. ಕಳೆದ ಶುಕ್ರವಾರ ಎಲ್ಲರೆದುರಿಗೆ ಜಗಳವಾಗಿತ್ತು. ಈ ಗುರುವಾರ ಮಾಪನ ಇಲಾಖೆಯ ಅಧಿಕಾರಿ ಬಂದು ಪಿಸ್ಟನ್ ಪರೀಕ್ಷಿಸುವವರಿದ್ದರು.

"ಪರೀಕ್ಷೆ ಆದರೆ ತನ್ನ ಕೆಲಸ ತಪ್ಪು ಅಂತ ಬಯಲಾಗುತ್ತೆ. ಅದಕ್ಕೇ ಎಗರಿಸಿದಾಳೆ. ಈ ಶುಕ್ರವಾರ ನಮ್ಮ ಶಿಸ್ತು ಸಮಿತಿ ಸೇರುತ್ತೆ. ನೀವು ಆರೋಪಿ ಅಂತ ಅವಳ ಹೆಸರು ಹಾಕಿಬಿಟ್ಟರೆ ನೋಂದಣಿ ರದ್ದು ಮಾಡ್ತಾರೆ. ನನ್ನ ತಲೆನೋವೂ ಮುಗಿಯುತ್ತೆ."

"ನನ್ನ ತಲೆನೋವು ಈಗ ಶುರುವಾಯ್ತು ಸರ್," ಎಂದ ಇನ್‌ಸ್ಪೆಕ್ಟರ್. ಎಫ್‌ಐಆರ್‌ನಲ್ಲಿ ಅಪರಿಚಿತರು ಎಂದೇ ಬರೆಸಿದ. ಪ್ರೊಫೆಸರ್ ಆಕ್ಷೇಪಿಸಿದರು. ಅನುಮಾನಕ್ಕೂ ಆರೋಪಕ್ಕೂ ಇರುವ ವ್ಯತ್ಯಾಸವನ್ನು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಹನ್ನೊಂದೂವರೆಯಾಯಿತು.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಸ್ಥಳ ಪಂಚನಾಮೆ. ಪಂಚರಾಗಿ ಕ್ಯಾಂಟೀನಿನ ಮ್ಯಾನೇಜರನೂ ಗ್ರಂಥಾಲಯದ ಗುಮಾಸ್ತೆಯೂ ಬಂದರು. ಪ್ರಯೋಗಾಲಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಮೊಳದಪ್ಪದ ಗೋಡೆ, ಕಬ್ಬಿಣದ ಬಾಗಿಲು, ಒಳಗೆ ವರ್ಷವಿಡೀ ಒಂದೇ ಹದದ ತಂಪು. ಧೂಳು ಬರಬಾರದೆಂದು ಬೂಟು ಹೊರಗೆ ಬಿಡಿಸಿದರು. ಪೇದೆಯ ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಗ್ರಂಥಾಲಯದ ಗುಮಾಸ್ತೆ ಅದನ್ನು ನೋಡಿ ಬೇರೆ ಕಡೆ ತಿರುಗಿದಳು.

"ಇಷ್ಟೆಲ್ಲ ಒತ್ತಡ ಯಾಕೆ ಸರ್, ನಮ್ಮ ಠಾಣೆಯಲ್ಲೇ ಬೇಕಾದಷ್ಟಿದೆಯಲ್ಲ," ಎಂದು ಪೇದೆ ನಕ್ಕ.

"ಇಲ್ಲಿಗೆ ಬಂದವರೆಲ್ಲ ಇದೇ ಜೋಕ್ ಹೇಳ್ತಾರೆ," ಎಂದರು ಪ್ರೊಫೆಸರ್. ಪೇದೆ ಬಾಯಿಗೆ ಬೀಗ ಹಾಕಿಕೊಂಡ.

ಬೀಗ ಒಡೆದಿರಲಿಲ್ಲ, ಬಾಗಿಲು ಮೀಟಿರಲಿಲ್ಲ. ಕೀಲಿಕೈ ಮೂರು: ಪ್ರೊಫೆಸರ್ ಬಳಿ ಒಂದು, ವಿದ್ಯಾರ್ಥಿನಿಯ ಬಳಿ ಒಂದು, ಕಚೇರಿಯ ಹಲಗೆಗೆ ನೇತುಹಾಕಿದ್ದು ಒಂದು. ಆ ಮೂರನೆಯದನ್ನು ಬಳಸುತ್ತಿದ್ದವನು ಪ್ರಯೋಗಾಲಯದ ಮೇಸ್ತ್ರಿ. ಇಪ್ಪತ್ತಾರು ವರ್ಷದಿಂದ ಯಂತ್ರಗಳನ್ನು ಬಿಚ್ಚಿ, ತೊಳೆದು, ಜೋಡಿಸುತ್ತ ಬಂದ ಮನುಷ್ಯ, ಈ ತಿಂಗಳ ಕೊನೆಗೆ ನಿವೃತ್ತಿ. ಅವನು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಪೇದೆ ಯಂತ್ರಕ್ಕೆ ಮೊಣಕೈ ಊರಿದಾಗ ಮಾತ್ರ, "ಅಲ್ಲಿ ಒರಗಬೇಡಿ," ಎಂದ.

ರೈಟರ್ ಕಂಡದ್ದನ್ನೆಲ್ಲ ಬರೆದ. ತೂಕದ ಬಿಲ್ಲೆಗಳು ಇಪ್ಪತ್ತನಾಲ್ಕು, ಸಾಲಾಗಿ. ಕವಾಟಗಳು ಮುಚ್ಚಿವೆ. ಸಿಲಿಂಡರಿನಲ್ಲಿ ಪಿಸ್ಟನ್ ಇಲ್ಲ. ಸಿಲಿಂಡರಿನೊಳಗೆ ಬಾಯಿಮಟ್ಟ ಎಣ್ಣೆ ತುಂಬಿದೆ, ಬಾಯಿಗೆ ಹಿತ್ತಾಳೆಯ ತಿರುಪುಮುಚ್ಚಳ ಹಾಕಿದೆ. ಕಳ್ಳತನ ಮೊದಲು ಕಂಡವರು ಪ್ರೊಫೆಸರ್, ಬೆಳಗ್ಗೆ ಒಂಬತ್ತು ಐದಕ್ಕೆ. "ನಾನು ಬಂದಾಗ ಎಲ್ಲ ಹೀಗೇ ಇತ್ತು, ಒಂದನ್ನೂ ಮುಟ್ಟಿಲ್ಲ," ಎಂದು ಅವರು ಸಹಿ ಹಾಕಿದರು.

ವಿದ್ಯಾರ್ಥಿನಿ ಹೊರಗಿನ ಓಣಿಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಪ್ರೊಫೆಸರ್ ಅವಳಿಗೆ ಕೇಳಿಸುವಂತೆಯೇ, "ಕಳ್ಳರನ್ನ ಹೊರಗೆಲ್ಲೂ ಹುಡುಕಬೇಕಾಗಿಲ್ಲ," ಎಂದು ಹೇಳಿ ಮೆಟ್ಟಿಲು ಹತ್ತಿದರು. ಆ ಹುಡುಗಿಯ ಕಣ್ಣು ತುಂಬಿತು, ಆದರೆ ಅಳಲಿಲ್ಲ. ಇನ್‌ಸ್ಪೆಕ್ಟರನಿಗೆ ಪ್ರೊಫೆಸರ್ ಮೇಲೆ ಸಿಟ್ಟು ಬಂತು. ತನಿಖಾಧಿಕಾರಿಗೆ ದೂರುದಾರರ ಮೇಲೆ ಸಿಟ್ಟು ಬರಬಾರದೆಂಬ ನಿಯಮ ಅವನಿಗೆ ಗೊತ್ತಿತ್ತು, ಅದರಿಂದ ಇನ್ನೂ ಕಿರಿಕಿರಿಯಾಯಿತು.

ಮಂಗಳವಾರ ಹನ್ನೊಂದು ಗಂಟೆಗೆ ಅವಳನ್ನು ಠಾಣೆಗೆ ಕರೆಸಿದ. ಪಕ್ಕದಲ್ಲಿ ಮಹಿಳಾ ಪೇದೆಯನ್ನು ಕೂರಿಸಿದ.

"ಶನಿವಾರ, ಭಾನುವಾರ ಎಲ್ಲಿದ್ದೆ?"

"ರೂಮಿನಲ್ಲಿ. ಪ್ರಬಂಧದ ಕೊನೇ ಅಧ್ಯಾಯ ಬರೀತಿದ್ದೆ."

"ನೋಡಿದವರು?"

"ಯಾರೂ ಇಲ್ಲ ಸರ್."

"ಪ್ರೊಫೆಸರ್ ಹತ್ತಿರ ಜಗಳ ಯಾಕೆ?"

ಅವಳು ಸೀದಾ ಕುಳಿತಳು. "ಸರ್, ಪಾದರಸ ಗೊತ್ತಲ್ಲ, ಜ್ವರ ನೋಡೋ ಕಡ್ಡಿಯಲ್ಲಿ ಇರ್ತಿತ್ತು. ಅದನ್ನ ಮಂಜುಗಡ್ಡೆಯ ತಂಪಿನಲ್ಲಿಟ್ಟು ಅದುಮುತ್ತಾ ಹೋದರೆ ಒಂದು ನಿರ್ದಿಷ್ಟ ಒತ್ತಡಕ್ಕೆ ಗಟ್ಟಿಯಾಗುತ್ತೆ. ಯಾವ ದೇಶದಲ್ಲಿ ಮಾಡಿದ್ರೂ ಅದೇ ಒತ್ತಡ. ನಮ್ಮಲ್ಲಿ ಮಾತ್ರ ಕಮ್ಮಿ ಬರುತ್ತೆ. ಮುನ್ನೂರರಲ್ಲಿ ಒಂದು ಪಾಲು ಕಮ್ಮಿ. ಎಪ್ಪತ್ತು ಸಲ ಮಾಡಿದೆ."

"ಅಂದರೆ?"

"ಅಂದರೆ ಪಾದರಸ ತಪ್ಪಲ್ಲ. ಅದು ಯಾರ ಮುಲಾಜಿಗೂ ಬೀಳಲ್ಲ. ನಮ್ಮ ಪಿಸ್ಟನ್ನಿನ ಅಳತೆಯೇ ತಪ್ಪು. ಸರ್ ಹತ್ತಿರ ಹೇಳಿದೆ. ನೀನೇ ಕೈಲಾಗದವಳು ಅಂದರು. ಅದಕ್ಕೆ ಮಾಪನ ಇಲಾಖೆಗೆ ನಾನೇ ಪತ್ರ ಬರೆದೆ."

"ನೀನಾ? ಗುರುವಾರ ಬರೋ ಅಧಿಕಾರಿಯನ್ನ ಕರೆಸಿದ್ದು ನೀನಾ?"

"ಹೌದು ಸರ್. ಆಮೇಲೆ ನಾನೇ ಯಾಕೆ ಕದೀಲಿ? ಆ ಪಿಸ್ಟನ್ ಸಿಕ್ಕಿ ಅಳತೆ ಆದರೆ ನನ್ನ ಆರು ವರ್ಷ ಉಳಿಯುತ್ತೆ. ಸಿಗದೇ ಹೋದರೆ ನಾನು ಸುಳ್ಳಿ, ಕಳ್ಳಿ, ಎರಡೂ ಆಗ್ತೀನಿ. ಆ ಅಧಿಕಾರಿ ಗುರುವಾರ ಸಂಜೆ ಹೊರಟುಬಿಡ್ತಾರೆ. ಮತ್ತೆ ಬರೋದು ಇನ್ನು ಎರಡು ವರ್ಷಕ್ಕೆ."

ಆ ಪತ್ರದ ನಕಲನ್ನೂ ತೋರಿಸಿದಳು. ಇನ್‌ಸ್ಪೆಕ್ಟರ್ ಅದನ್ನು ಕಡತಕ್ಕೆ ಸೇರಿಸಿ ಅವಳನ್ನು ಕಳುಹಿಸಿಬಿಟ್ಟ. ಅವಳು ಹೋಗಿ ಗಂಟೆಯಾಗುವ ಮೊದಲೇ ಮೇಲಧಿಕಾರಿಯ ಫೋನು ಬಂತು. ಪ್ರೊಫೆಸರ್ ಅಲ್ಲಿಗೂ ಹೋಗಿದ್ದರು.

"ಆ ಹುಡುಗೀನ ಯಾಕ್ರೀ ಬಿಟ್ರಿ?"

"ಆಧಾರ ಇಲ್ಲ ಸರ್."

"ಒಂದು ಕಬ್ಬಿಣದ ಕಡ್ಡಿ ಹುಡುಕೋಕೆ ಎಷ್ಟು ದಿನ? ಶುಕ್ರವಾರದೊಳಗೆ ಹೆಸರು ಬೇಕು. ಯಾರದಾದರೂ."

ಯಾರದಾದರೂ ಎಂದು ಫೋನಿನಲ್ಲಿ ಹೇಳುವುದು ಎಷ್ಟು ಸಲೀಸು ಎಂದು ಇನ್‌ಸ್ಪೆಕ್ಟರ್ ಹಲ್ಲು ಕಡಿದ. ಅವನಿಗೂ ಒಬ್ಬಳು ತಂಗಿ ಇದ್ದಳು, ಕಾಲೇಜಿನಲ್ಲಿ ಯಾರೋ ಮಾಡಿದ ತಪ್ಪಿಗೆ ಒಂದು ವರ್ಷ ಮನೆಯಲ್ಲಿ ಕೂತವಳು. ಈಗ ಅವಳಿಗೆ ನಲವತ್ತು. ಆ ವರ್ಷದ ಮಾತು ಬಂದರೆ ಇವತ್ತಿಗೂ ಊಟ ಬಿಟ್ಟು ಏಳುತ್ತಾಳೆ.

ಬುಧವಾರವಿಡೀ ಓಡಾಟ. ಗೇಟಿನ ಪುಸ್ತಕ ನೋಡಿದರು, ಶನಿವಾರದ ಹಾಳೆಯ ಮೇಲೆ ಕಾವಲುಗಾರ ಚಹಾ ಚೆಲ್ಲಿದ್ದ. ಕ್ಯಾಮೆರಾ ಕೇಳಿದರು, ಅದು ಕೆಟ್ಟು ಎರಡು ತಿಂಗಳಾಗಿತ್ತು. ರಿಪೇರಿಗೆ ಬರೆದ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಕೇಳಿದ್ದಕ್ಕೆ ನಾಲ್ಕು ಜನ ನಾಲ್ಕು ಮೇಜು ತೋರಿಸಿದರು. ಪೇದೆಯನ್ನು ಗುಜರಿ ಅಂಗಡಿಗಳಿಗೆ ಅಟ್ಟಿದರೆ ಅವನು ಮಧ್ಯಾಹ್ನ ಒಂದು ಚೀಲ ಹೊತ್ತು ಬಂದು ಮೇಜಿನ ಮೇಲೆ ಸುರಿದ. ಸೈಕಲ್ ಚಕ್ರದ ಕಡ್ಡಿ, ಮೊಳೆ, ಕೊಡೆಯ ಕಡ್ಡಿ, ಒಂದು ಹೆಣಿಗೆ ಸೂಜಿ.

"ಇದರಲ್ಲಿ ಯಾವುದು ಸರ್?"

"ನಿನ್ನ ತಲೆ," ಎಂದ ಇನ್‌ಸ್ಪೆಕ್ಟರ್. ಆಮೇಲೆ, ಪಾಪ, ಹದಿನೇಳು ಅಂಗಡಿ ಸುತ್ತಿ ಬಂದವನಿಗೆ ಹಾಗೆನ್ನಬಾರದಿತ್ತು ಎನಿಸಿ ಚಹಾ ತರಿಸಿಕೊಟ್ಟ.

ಸಂಜೆ ಐದಕ್ಕೆ ಬೇರೇನೂ ದಾರಿ ಕಾಣದೆ ಪಂಚನಾಮೆಯನ್ನೇ ಮತ್ತೆ ಓದಲು ಕುಳಿತ. ರೈಟರನ ಅಕ್ಷರ ಇರುವೆ ಸಾಲಿನಂತಿತ್ತು. 'ಸಿಲಿಂಡರಿನೊಳಗೆ ಬಾಯಿಮಟ್ಟ ಎಣ್ಣೆ ತುಂಬಿದೆ, ಬಾಯಿಗೆ ಹಿತ್ತಾಳೆಯ ತಿರುಪುಮುಚ್ಚಳ ಹಾಕಿದೆ' ಎಂಬಲ್ಲಿ ಅವನ ಬೆರಳು ನಿಂತಿತು.

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವನು ನೋಡಿದ ಕಳ್ಳರು ಬೀರು ಒಡೆದು ಬಟ್ಟೆ ಚೆಲ್ಲಾಡಿ ಹೋಗಿದ್ದರು, ಅಡುಗೆಮನೆಯಲ್ಲಿ ಉಂಡು ತಟ್ಟೆ ಬಿಟ್ಟು ಹೋಗಿದ್ದರು. ಕದ್ದ ಮೇಲೆ, ಉಳಿದದ್ದು ಕೆಡದಿರಲಿ ಎಂದು ಎಣ್ಣೆ ತುಂಬಿ ಮುಚ್ಚಳ ತಿರುಪಿ ಹೋದ ಕಳ್ಳನನ್ನು ಅವನು ಕಂಡಿರಲಿಲ್ಲ. ಹುಡುಗಿಗೆ ಫೋನು ಮಾಡಿದ.

"ಪಿಸ್ಟನ್ ಹೊರಗೆ ತೆಗೆದ ಮೇಲೆ ಸಿಲಿಂಡರಿಗೆ ಏನು ಮಾಡ್ತೀರಿ?"

"ನಾವೇನೂ ಮಾಡಲ್ಲ ಸರ್. ವಿದ್ಯಾರ್ಥಿಗಳು ಅದನ್ನ ಬಿಚ್ಚೋ ಹಾಗೇ ಇಲ್ಲ. ಆ ಮುಚ್ಚಳ ಎಲ್ಲಿಡ್ತಾರೆ ಅಂತಾನೂ ನನಗೆ ಗೊತ್ತಿಲ್ಲ."

"ಪ್ರೊಫೆಸರ್‌ಗೆ?"

"ಅವರು ಯಂತ್ರ ಮುಟ್ಟಿ ಎಷ್ಟೋ ವರ್ಷ ಆಯ್ತು ಸರ್. ಅದೆಲ್ಲ ಮಾಮನ ಕೆಲಸ."

ಮೇಸ್ತ್ರಿಯನ್ನು ಅವಳು ಮಾಮ ಎಂದು ಕರೆಯುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಅವಳಿಗೇ ಹೊಳೆದಿರಬೇಕು, ಆ ಕಡೆ ಮಾತೇ ನಿಂತುಹೋಯಿತು. ಇನ್‌ಸ್ಪೆಕ್ಟರ್, "ಯಾರ ಹತ್ತಿರವೂ ಮಾತಾಡಬೇಡ," ಎಂದು ಫೋನಿಟ್ಟ.

ಗುರುವಾರ ಬೆಳಗ್ಗೆ ಎಂಟೂವರೆಗೆ ಪ್ರಯೋಗಾಲಯದ ಬಾಗಿಲಲ್ಲೇ ಮೇಸ್ತ್ರಿ ಸಿಕ್ಕ. ಇಬ್ಬರೂ ಬೂಟು ಬಿಟ್ಟು ಒಳಗೆ ಹೋದರು. ಇನ್‌ಸ್ಪೆಕ್ಟರ್ ಯಂತ್ರದ ಮುಂದೆ ನಿಂತು ಸುಮ್ಮನೆ ಕೇಳುವವನಂತೆ ಕೇಳಿದ.

"ಮೇಸ್ತ್ರಿ, ಪಿಸ್ಟನ್ ತೆಗೆದು ಸಿಲಿಂಡರ್ ಹಾಗೇ ಬಿಟ್ಟರೆ ಏನಾಗುತ್ತೆ?"

"ಹಾಗೆ ಬಿಡೋಕಾಗುತ್ತಾ ಸಾಹೇಬ್ರೆ? ಒಂದು ಕಣ ಧೂಳು ಕೂತರೂ ಒಳಗಡೆ ಗೀರು ಬೀಳುತ್ತೆ. ಎಣ್ಣೆ ತುಂಬಿ ಮುಚ್ಚಳ ಹಾಕಲೇಬೇಕು."

"ಮುಚ್ಚಳ ಎಲ್ಲಿರುತ್ತೆ?"

"ನನ್ನ ಪೆಟ್ಟಿಗೇಲಿ."

"ಪೆಟ್ಟಿಗೆ ಕೀಲಿ?"

"ನನ್ನ ಹತ್ತಿರಾನೇ..."

ಮಾತು ಅರ್ಧಕ್ಕೆ ನಿಂತಿತು. ಇನ್‌ಸ್ಪೆಕ್ಟರ್ ಕಾದ. ಮೇಸ್ತ್ರಿ ಮುಚ್ಚಳವನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ.

"ಎಲ್ಲಿದೆ?"

"ಮನೇಲಿ," ಎಂದ ಮೇಸ್ತ್ರಿ.

ಜೀಪಿನಲ್ಲಿ ಅವನು ತಾನಾಗಿಯೇ ಹೇಳಿದ. ಹನ್ನೊಂದು ವರ್ಷದ ಹಿಂದೆ ತೊಳೆಯುವಾಗ ಪಿಸ್ಟನ್ ಕೈಜಾರಿ ನೆಲಕ್ಕೆ ಬಿತ್ತು. ಅಂಚು ಚೂರು ಎದ್ದುಬಂದು ಸಿಲಿಂಡರಿನೊಳಗೆ ಹೋಗದಾಯಿತು. ನುಣ್ಣನೆಯ ಪುಡಿ ಹಾಕಿ ಉಜ್ಜಿದ. ಒಂದು ಕಡೆ ಉಜ್ಜಿದರೆ ಓರೆಯಾಗುತ್ತದೆಂದು ಉದ್ದಕ್ಕೂ ಉಜ್ಜಿದ. ಮೂರು ದಿನ ಉಜ್ಜಿದ ಮೇಲೆ ಅದು ಮೊದಲಿಗಿಂತ ನುಣುಪಾಯಿತು, ಆದರೆ ತೆಳ್ಳಗೂ ಆಯಿತು. ಎಣ್ಣೆ ಸೋರಿ ಪಿಸ್ಟನ್ ಬೇಗ ಕೆಳಗಿಳಿಯತೊಡಗಿದಾಗ ಯಾರಿಗೂ ತಿಳಿಯದಂತೆ ಮಂದವಾದ ಎಣ್ಣೆ ತುಂಬಿದ. ಅಂದಿನಿಂದ ಅದು ತೇಲುತ್ತಲೇ ಇತ್ತು, ಅಂಕಿಗಳು ಬರುತ್ತಲೇ ಇದ್ದವು, ಎಲ್ಲವೂ ತಪ್ಪು. ಮಾಪನ ಅಧಿಕಾರಿ ಅಳೆದರೆ ಇದೆಲ್ಲ ಬಯಲಾಗುತ್ತದೆಂದು ಪಿಸ್ಟನ್ನನ್ನೇ ಮನೆಗೆ ಒಯ್ದ.

"ಹೇಳಬೇಕಿತ್ತು ತಾನೆ ಆವತ್ತೇ?"

"ಹೇಳೋಕಾಗಲಿಲ್ಲ."

"ಯಾಕೆ?"

"ಆಗಲಿಲ್ಲ ಸಾಹೇಬ್ರೆ."

ಇನ್‌ಸ್ಪೆಕ್ಟರನಿಗೆ ಮೈಯೆಲ್ಲ ಉರಿಯಿತು. "ಆಯ್ತು, ಅದನ್ನ ಬಿಡಿ. ಆ ಹುಡುಗಿ ತಲೆಗೆ ಕಟ್ಟಿದ್ರಲ್ಲ, ನಾಳೆ ಅವಳ ಹೆಸರು ಹೊಡೆದು ಹಾಕ್ತಿದ್ರು. ಮಾಮ ಮಾಮ ಅಂತಾಳೆ ನಿಮ್ಮನ್ನ. ಅದೂ ಹೊಳೆಯಲಿಲ್ವಾ?"

"ಅವಳ ಮೇಲೆ ಬರುತ್ತೆ ಅಂತ ಎಣಿಸಿರಲಿಲ್ಲ. ಬಂದ ಮೇಲೆ..." ಮೇಸ್ತ್ರಿ ಹೊರಗೆ ನೋಡಿದ. "ಚಿಕ್ಕವಳು, ಇನ್ನೊಂದು ಸಲ ಮಾಡ್ಕೋತಾಳೆ ಅಂದ್ಕೊಂಡೆ. ನನಗೆ ಇನ್ನು ಹದಿನೆಂಟು ದಿನ ಇತ್ತು ಅಷ್ಟೇ."

ಈ ಮಾತಿಗೆ ಬಯ್ಯಲು ಇನ್‌ಸ್ಪೆಕ್ಟರ್ ಬಾಯಿ ತೆರೆದ. ಬಯ್ಗುಳ ಸಾಲದೆನಿಸಿ ಬಾಯಿ ಮುಚ್ಚಿದ.

ಹತ್ತು ಗಂಟೆ ಹದಿನೈದಕ್ಕೆ ಮನೆ ತಲುಪಿದರು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮೇಸ್ತ್ರಿಯ ಹೆಂಡತಿ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಪೊಲೀಸರನ್ನು ಕಂಡು ಕಾಲಲ್ಲಿ ತುಳಿಯುವುದನ್ನು ನಿಲ್ಲಿಸಿದಳು. ಮೇಸ್ತ್ರಿ ಯಂತ್ರದ ಖಾನೆ ಎಳೆದ. ದಾರದುಂಡೆ, ಗುಂಡಿ, ಕತ್ತರಿ. ಹಿಂದೆ ಒಂದು ಉದ್ದನೆಯ ಗಾಜಿನ ಶೀಶೆ, ಅದರ ತುಂಬ ಎಣ್ಣೆ, ಎಣ್ಣೆಯೊಳಗೆ ನೆಟ್ಟಗೆ ನಿಂತ ಉಕ್ಕಿನ ಕಡ್ಡಿ.

"ಎಣ್ಣೆ ಎಲ್ಲಿ ಅಂದರೆ ಮುಗಿದಿದೆ ಅಂದ್ರಿ!" ಎಂದಳು ಹೆಂಡತಿ. "ನಾಲ್ಕು ದಿನದಿಂದ ಯಂತ್ರ ಕಿರ್ ಅಂತಿದೆ." ಆಮೇಲೆ ಅವಳ ದೃಷ್ಟಿ ಇನ್‌ಸ್ಪೆಕ್ಟರನ ಕಡೆ ಹೋಯಿತು, ಗಂಡನ ಕಡೆ ಬಂತು. "ಏನ್ರೀ ಇದು?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಅವನು ಶೀಶೆ ಎತ್ತಿ ಇನ್‌ಸ್ಪೆಕ್ಟರನ ಕೈಗಿತ್ತ.

"ಇದನ್ನ ಎಲ್ಲಾದರೂ ಎಸೆದಿದ್ದರೆ ನಮ್ಮಪ್ಪನಾಣೆಗೂ ನಿಮ್ಮನ್ನ ಹಿಡಿಯೋಕಾಗ್ತಿರಲಿಲ್ಲ," ಎಂದ ಇನ್‌ಸ್ಪೆಕ್ಟರ್. "ಯಾಕ್ರೀ ಇಟ್ಕೊಂಡ್ರಿ?"

"ಸೇತುವೆ ತನಕ ಹೋಗಿದ್ದೆ. ಕೈ ಬರಲಿಲ್ಲ. ನೀರಿಗೆ ಬಿದ್ದರೆ ತುಕ್ಕು ಹಿಡಿಯುತ್ತಲ್ಲ."

ಠಾಣೆಗೆ ಮರಳಿದ ಮೇಲೆ ಹೊಸ ತಕರಾರು. ವಶಪಡಿಸಿಕೊಂಡ ವಸ್ತುವಿಗೆ ಅರಗಿನ ಮುದ್ರೆ ಒತ್ತಿ ನ್ಯಾಯಾಲಯಕ್ಕೆ ಕಳುಹಿಸಬೇಕು. ಕಳುಹಿಸಿದರೆ ಅದು ಹೊರಗೆ ಬರುವುದು ಯಾವಾಗಲೋ. ಹುಡುಗಿಯ ಸಮಿತಿ ನಾಳೆ. ಮಾಪನ ಅಧಿಕಾರಿ ಸಂಜೆ ಐದರ ರೈಲಿಗೆ ಹೊರಡುವವರು.

"ಮುದ್ರೆ ಹಾಕುವ ಮೊದಲು ವಸ್ತುವಿನ ವಿವರ ಬರೀಬೇಕು ತಾನೆ?" ಎಂದು ಇನ್‌ಸ್ಪೆಕ್ಟರ್ ರೈಟರನನ್ನು ಕೇಳಿದ.

"ಹೌದು ಸರ್. ಉದ್ದ, ಬಣ್ಣ..."

"ದಪ್ಪ?"

ರೈಟರನಿಗೆ ಮೂವತ್ತು ವರ್ಷದ ಅನುಭವ. ತಕ್ಷಣ ಅರ್ಥವಾಯಿತು. "ದಪ್ಪವೂ ವಿವರವೇ ಸರ್. ನಮ್ಮ ಹತ್ತಿರ ಅಳತೆಕೋಲು ಸರಿಯಿಲ್ಲ. ತಿಳಿದವರನ್ನ ಕರೆಸಬಹುದು."

ತಿಳಿದವರು ಹನ್ನೆರಡು ಗಂಟೆಗೆ ಮರದ ಪೆಟ್ಟಿಗೆ ಹಿಡಿದು ಬಂದರು. ಮಾಪನ ಅಧಿಕಾರಿ ಸಣಕಲು ಮನುಷ್ಯ, ಮಾತು ಇನ್ನೂ ಸಣಕಲು. ಬಂದವರೇ ಫ್ಯಾನು ಆರಿಸಲು ಹೇಳಿದರು. ಕಿಟಕಿ ಮುಚ್ಚಿಸಿದರು. ಕಡ್ಡಿಯೂ ಉಪಕರಣವೂ ಒಂದೇ ಬಿಸುಪಿಗೆ ಬರಲು ಎರಡು ಗಂಟೆ ಬೇಕೆಂದರು. ಯಾರೂ ಹತ್ತಿರ ಉಸಿರಾಡಬಾರದು, ಕೈಯ ಬಿಸಿಗೂ ಉಕ್ಕು ಹಿಗ್ಗುತ್ತದೆ. ಹೀಗೆ ಇನ್‌ಸ್ಪೆಕ್ಟರ್, ರೈಟರ್, ಪಂಚರಿಬ್ಬರು, ಪ್ರೊಫೆಸರ್, ವಿದ್ಯಾರ್ಥಿನಿ, ಮಹಿಳಾ ಪೇದೆ, ಬೆಂಚಿನ ಮೇಲೆ ಮೇಸ್ತ್ರಿ, ಎಲ್ಲರೂ ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ಬೆವರುತ್ತ ಕುಳಿತರು. ಹೊರಗೆ ಯಾರೋ ಪಾಸ್‌ಪೋರ್ಟ್ ಅರ್ಜಿ ಎಂದು ಬಾಗಿಲು ಬಡಿದರು. ಇನ್‌ಸ್ಪೆಕ್ಟರ್, "ನಾಳೆ ಬನ್ನಿ!" ಎಂದು ಕಿರುಚಿದ. ಅಧಿಕಾರಿ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು.

ಎರಡು ಗಂಟೆ ಹತ್ತಕ್ಕೆ ಅಳತೆ ಶುರುವಾಯಿತು. ಹನ್ನೆರಡು ಜಾಗದಲ್ಲಿ ಅಳೆದರು. ಇರಬೇಕಾದದ್ದು ಎರಡು ಮಿಲಿಮೀಟರ್. ಇದ್ದದ್ದು ಅದಕ್ಕಿಂತ ಮೂರು ಮೈಕ್ರಾನ್ ಕಡಿಮೆ. ತಲೆಗೂದಲೊಂದನ್ನು ಉದ್ದಕ್ಕೆ ಇಪ್ಪತ್ತು ಸೀಳು ಮಾಡಿದರೆ ಅದರಲ್ಲೊಂದರ ದಪ್ಪ ಎಂದು ಅಧಿಕಾರಿ ಪಂಚರಿಗೆ ತಿಳಿಹೇಳಿದರು.

"ಒತ್ತಡದಲ್ಲಿ ಎಷ್ಟು ವ್ಯತ್ಯಾಸವಾಗುತ್ತೆ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಮುನ್ನೂರರಲ್ಲಿ ಒಂದು ಪಾಲು. ಹೆಚ್ಚುಕಡಿಮೆ."

ವಿದ್ಯಾರ್ಥಿನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆರು ವರ್ಷದಿಂದ ತಡೆದಿದ್ದ ಅಳು ಒಮ್ಮೆಲೇ ಬಂತು. ಮಹಿಳಾ ಪೇದೆ ಅವಳ ಬೆನ್ನು ಸವರಿದಳು. ಪ್ರೊಫೆಸರ್ ಆ ಅಂಕಿಯನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷದ ಕೋಷ್ಟಕಗಳು ಅವರ ತಲೆಯಲ್ಲಿ ಒಂದೊಂದಾಗಿ ಉದುರುತ್ತಿರಬೇಕು.

"ಐದು ವರ್ಷಕ್ಕೊಮ್ಮೆ ಇದನ್ನ ನಮಗೆ ಕಳಿಸಬೇಕಿತ್ತು ಪ್ರೊಫೆಸರ್," ಎಂದರು ಅಧಿಕಾರಿ, ಪೆಟ್ಟಿಗೆ ಮುಚ್ಚುತ್ತ. "ಎರಡು ಸಲ ಬರೆದಿದ್ದೆವು. ನಂಬಿಕಸ್ಥರ ಕೈಲಿದೆ, ಪರೀಕ್ಷೆ ಬೇಡ ಅಂತ ನಿಮ್ಮ ಉತ್ತರ ಬಂದಿತ್ತು."

ಪ್ರೊಫೆಸರ್ ಇನ್‌ಸ್ಪೆಕ್ಟರನನ್ನು ಪಕ್ಕಕ್ಕೆ ಕರೆದರು. "ನಾನು ದೂರು ವಾಪಸ್ ತಗೋತೀನಿ. ಇದು ಹೊರಗೆ ಹೋಗೋದು ಬೇಡ."

"ಎಫ್‌ಐಆರ್ ಆದ ಮೇಲೆ ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಹೆಸರು ಹಾಕಿ ಹೆಸರು ಹಾಕಿ ಅಂತ ನಾಲ್ಕು ದಿನ ನನ್ನ ಪ್ರಾಣ ತಿಂದ್ರಲ್ಲ ಸರ್. ಈಗ ಹಾಕ್ತೀನಿ." ಇನ್‌ಸ್ಪೆಕ್ಟರ್ ಬಿಳಿ ಹಾಳೆ ಮುಂದಿಟ್ಟ. "ಅದಕ್ಕೂ ಮೊದಲು ಆ ಹುಡುಗಿಯ ಬಗ್ಗೆ ಹೇಳಿಕೆ ಕೊಡಿ. ಅವಳ ಮೇಲೆ ಅನುಮಾನ ಇಲ್ಲ, ಅವಳ ಅಂಕಿ ಸರಿ."

"ಅಂಕಿ ವಿಚಾರ ಪೊಲೀಸರಿಗೆ ಯಾಕೆ?"

"ಅವಳ ವಿರುದ್ಧ ಎರಡು ಪುಟ ಬರೆಯುವಾಗ ಬೇಕಾಗಿತ್ತು. ಈಗ ಎರಡು ಸಾಲಿಗೆ ಕೈ ನೋಯುತ್ತಾ?"

ಪ್ರೊಫೆಸರ್ ಬರೆದರು. ಹುಡುಗಿಗೆ ಅದರ ನಕಲು ಕೊಡಿಸಿ ಇನ್‌ಸ್ಪೆಕ್ಟರ್ ಫ್ಯಾನು ಹಾಕಿಸಿದ.

ಸಂಜೆ ನಾಲ್ಕು ನಲವತ್ತಕ್ಕೆ ಮೇಸ್ತ್ರಿಯ ಬಂಧನವನ್ನು ದಾಖಲಿಸಿದರು. ಹೆಂಡತಿಗೆ ತಿಳಿಸಿದರು, ಜೇಬಿನ ವಸ್ತುಗಳನ್ನು ಪಟ್ಟಿ ಮಾಡಿದರು. ವಿದ್ಯಾರ್ಥಿನಿ ಇನ್ನೂ ಹೋಗಿರಲಿಲ್ಲ. ಒಳಗೆ ಬಂದು ಬೆಂಚಿನ ಮುಂದೆ ನಿಂತಳು. ಅವಳಿಗೆ ಕೋಪ ಬಂದಿತ್ತು.

"ಬಿದ್ದ ದಿನವೇ ಹೇಳಿದ್ದರೆ ಹೊಸದು ತರಿಸ್ತಿದ್ದರು ಮಾಮ. ಅಷ್ಟೇ ಆಗ್ತಿದ್ದದ್ದು. ಯಾಕೆ ಹೇಳಲಿಲ್ಲ?"

ಇನ್‌ಸ್ಪೆಕ್ಟರ್ ಬೆಳಗ್ಗಿನಿಂದ ಆರು ಸಲ ಕೇಳಿ ಉತ್ತರ ಪಡೆಯದ ಪ್ರಶ್ನೆ. ಮೇಸ್ತ್ರಿ ಅವಳ ಮುಖ ನೋಡದೆ ಹೇಳಿದ.

"ಹೋಗಿದ್ದೆ ಮಗು. ಬಿದ್ದ ಅರ್ಧ ಗಂಟೆಗೇ ಹೋಗಿದ್ದೆ. ಕರವಸ್ತ್ರದಲ್ಲಿ ಸುತ್ತಿ ಜೇಬಲ್ಲಿಟ್ಟುಕೊಂಡು ಮೇಲಕ್ಕೆ ಹತ್ತಿದೆ. ಸರ್ ಕೋಣೇಲಿ ಹೊರಗಿನಿಂದ ಬಂದ ಹತ್ತು ಹನ್ನೆರಡು ಜನ ದೊಡ್ಡೋರು ಕೂತಿದ್ರು. ನನ್ನ ಕಂಡ ಕೂಡಲೇ ಸರ್ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದ್ರು. ನಮ್ಮ ಅಂಕಿ ಹೇಗೆ ನಂಬೋದು ಅಂತ ಕೇಳಿದ್ರಲ್ಲ, ಇವನ ಕೈ ನೋಡಿ ಅಂದ್ರು. ಹದಿನೈದು ವರ್ಷದಲ್ಲಿ ಈ ಕೈಯಿಂದ ಒಂದು ತಿರುಪೂ ಕೆಳಗೆ ಬಿದ್ದಿಲ್ಲ ಅಂದ್ರು. ಎಲ್ಲರೂ ಚಪ್ಪಾಳೆ ಹೊಡೆದ್ರು."

ಮೇಸ್ತ್ರಿ ಅಂಗೈಗಳನ್ನು ಮೊಣಕಾಲಿಗೆ ಉಜ್ಜಿಕೊಂಡ.

"ಅಲ್ಲೀವರೆಗೂ ನನಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ," ಎಂದ ಮೇಸ್ತ್ರಿ. "ನಮಸ್ಕಾರ ಮಾಡಿ ಕೆಳಗೆ ಬಂದುಬಿಟ್ಟೆ."

ಹುಡುಗಿ ಹೊರಟುಹೋದಳು. ಕ್ಷಮಿಸಿದಳೋ ಇಲ್ಲವೋ, ಅದನ್ನು ಬರೆಯಲು ಕಡತದಲ್ಲಿ ಕಾಲಂ ಇರಲಿಲ್ಲ. ಪೇದೆ ಮೇಸ್ತ್ರಿಯ ತೋಳು ಹಿಡಿದು ಎಬ್ಬಿಸಿದ. ರೈಟರ್ ಕಡತ ಮುಂದಿಟ್ಟುಕೊಂಡು ಗಂಟಲು ಸರಿಮಾಡಿಕೊಂಡ.

"ಕೃತ್ಯದ ಕಾರಣ ಅಂತ ಒಂದು ಸಾಲು ಬಾಕಿ ಇದೆ ಸರ್. ಕಳವು ಕೇಸಿಗೆ ಸಾಮಾನ್ಯವಾಗಿ ದುರಾಸೆ ಅಂತ ಹಾಕ್ತೀವಿ. ಅದನ್ನೇ ಹಾಕಲಾ?"

"ತಲೆ ತಿನ್ನಬೇಡಿ. ನಾನು ಹೇಳಿದ ಹಾಗೆ ಬರೀರಿ," ಎಂದ ಇನ್‌ಸ್ಪೆಕ್ಟರ್. ಕಣ್ಣುಜ್ಜಿಕೊಂಡು ನಿಧಾನವಾಗಿ ಹೇಳಿ ಬರೆಸಿದ. "ಆರೋಪಿಯು ಹನ್ನೊಂದು ವರ್ಷಗಳ ಹಿಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳಲು ಹೋಗಿದ್ದು, ಆ ಸಮಯದಲ್ಲಿ ಅಲ್ಲಿದ್ದವರೆಲ್ಲರೂ ಆತನನ್ನು ಹೊಗಳಿದ್ದರಿಂದ, ಹೇಳದೆ ಹಿಂದಿರುಗಿರುತ್ತಾನೆ."

ರೈಟರ್ ಬರೆದು ಮುಗಿಸಿ ಒಮ್ಮೆ ಓದಿಕೊಂಡ.

"ಅಷ್ಟೇನಾ ಸರ್?"

"ಅಷ್ಟೇ. ಸಮಯ ಹಾಕಿ."

ಐದು ಗಂಟೆ ಹತ್ತು ನಿಮಿಷ ಎಂದು ರೈಟರ್ ಬರೆದ.